ನೋಡದೆ ಕೊಡುವ ಪಾಸ್

ಯಾರ್ಕ್‌ಟನ್, ಸಸ್ಕಾಚುವಾನ್
14 ಮಾರ್ಚ್ 1972

ಪ್ರಿಯ ಹಾರ್ವಿ,

ನಿನ್ನ ತಂತಿ ಹೋಟೆಲಿನ ಮೇಜಿನ ಮೇಲೆ ಎರಡು ದಿನ ಬಿದ್ದಿತ್ತಂತೆ, ಇವತ್ತು ಕೈಗೆ ಸಿಕ್ಕಿತು. ನಮ್ಮ ಫೆರಿಮೆನ್ ತಂಡ ಮೂರನೆಯ ವರ್ಷವೂ ಲೀಗಿನಲ್ಲಿ ಕೊನೆಗೆ ಬಂದಿದೆ, ಧಣಿ ನಿನ್ನನ್ನು ಮ್ಯಾನೇಜರ್ ಮಾಡಿದ್ದಾನೆ, ಹಳಬರನ್ನು ಗುಡಿಸಿ ಹಾಕಿ ಒಂದೇ ವರ್ಷದಲ್ಲಿ ಹೊಸ ತಂಡ ಕಟ್ಟಬೇಕು, ಆಗದಿದ್ದರೆ ನೀನೂ ಗಂಟುಮೂಟೆ ಕಟ್ಟಬೇಕು. ಅಭಿನಂದನೆ ಹೇಳಲೋ ಸಂತಾಪ ಹೇಳಲೋ ತಿಳಿಯುತ್ತಿಲ್ಲ. ಒಂದೇ ಬೆಂಚಿನ ಮೇಲೆ ಒಂಬತ್ತು ವರ್ಷ ಕೂತು ಆಡಿದವರು ನಾವು. ನನ್ನ ಪರವಾಗಿ ಜಗಳಕ್ಕೆ ಹೋಗಿ ನೀನು ಮೂರು ಸಲ ಮೂಗು ಮುರಿಸಿಕೊಂಡದ್ದನ್ನು ಮರೆತಿಲ್ಲ. ಆದ್ದರಿಂದ ಈ ವಯಸ್ಸಿನಲ್ಲೂ ನಿನಗಾಗಿ ಆಟಗಾರರನ್ನು ಹುಡುಕುತ್ತ ಊರೂರು ಅಲೆಯುತ್ತೇನೆ. ಗೊಣಗುವುದನ್ನು ಮಾತ್ರ ಬಿಡುವುದಿಲ್ಲ.

ಇಲ್ಲೊಬ್ಬನನ್ನು ಕಂಡೆ. ಓರೆಸ್ಟ್ ಡನಿಲಕ್, ಇಪ್ಪತ್ತಮೂರು ವರ್ಷ. ಹಗಲು ಪೊಟ್ಯಾಶ್ ಗಣಿಯಲ್ಲಿ ಕೆಲಸ, ಸಂಜೆ ಊರಿನ ಐಸ್ ಹಾಕಿ ತಂಡದಲ್ಲಿ ನಡುವಿನ ಆಟಗಾರ. ಸ್ಕೇಟಿಂಗ್ ಚೆನ್ನಾಗಿದೆ, ಹೊಡೆತ ಪರವಾಗಿಲ್ಲ. ಆದರೆ ನಾನು ಕುರ್ಚಿಯ ತುದಿಗೆ ಬಂದು ಕೂತದ್ದು ಅವನ ಪಾಸ್ ನೋಡಿ. ಎಡಗಡೆಯವನಿಗೆ ಪಕ್ ಕೊಡುವಾಗ ಆ ಕಡೆ ನೋಡುವುದೇ ಇಲ್ಲ ಮಾರಾಯ! ಮುಖ ನೇರ, ಕಣ್ಣು ನೇರ, ಆ ರಬ್ಬರ್ ಬಿಲ್ಲೆ ಮಾತ್ರ ಎಡಗಡೆಯವನ ಕೋಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಎದುರಾಳಿಗೆ ಸುಳಿವೇ ಸಿಗುವುದಿಲ್ಲ. ನನಗೇ ನಂಬಿಕೆಯಾಗದೆ ಮೂರು ಪಂದ್ಯ ಕೂತು ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಬಲಕ್ಕೆ ಕೊಡುವಾಗ ಎಲ್ಲರ ಹಾಗೆ ನೋಡಿ ಕೊಡುತ್ತಾನೆ. ಎಡಕ್ಕೆ ಕೊಟ್ಟ ಮೂವತ್ತೊಂದರಲ್ಲಿ ಒಮ್ಮೆಯೂ ನೋಡಲಿಲ್ಲ. ಇದು ಕಲಿಸಿ ಬರುವ ವಿದ್ಯೆಯಲ್ಲ.

ಕೊರತೆಯೆಂದರೆ, ಎಡಗಡೆಯಿಂದ ಬಂದು ಗುದ್ದುವವರ ಪೆಟ್ಟನ್ನು ತುಂಬಾ ತಿನ್ನುತ್ತಾನೆ. ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಬುದ್ಧಿ ಇಲ್ಲ, ಹೆದರಿಕೆಯೂ ಇಲ್ಲ. ಬೀಳುತ್ತಾನೆ, ಏಳುತ್ತಾನೆ.

ಪಂದ್ಯ ಮುಗಿದ ಮೇಲೆ ಮಾತಾಡಿಸಿದೆ. "ಗಣಿ ಬಿಟ್ಟು ಬರ್ತೀಯೇನಯ್ಯಾ?" ಎಂದೆ. "ಇವತ್ತೇ ಬರ್ತೀನಿ. ಸ್ಕೇಟ್ ಬಿಚ್ಚೋದು ಬೇಡ ಅಂದ್ರೆ ಹಾಗೇ ಬರ್ತೀನಿ" ಎಂದ. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಸ್ಟೆಫಾ ನಗಲಿಲ್ಲ. ಹೊಸ ಊರಿಗೆ ಹೋಗಲು ಮನಸ್ಸಿಲ್ಲವೇನೋ.

ಎಮಿಲ್ ಲಪಾಂತ್


ಹ್ಯಾರೋ ಬೇ, ಒಂಟಾರಿಯೊ
29 ಮಾರ್ಚ್ 1972

ಎಮಿಲ್,

ನೀನು ಯಾರನ್ನಾದರೂ ಹೊಗಳಿ ಬರೆದದ್ದನ್ನು ಓದಿ ಎಷ್ಟು ವರ್ಷವಾಯಿತು! ಪತ್ರವನ್ನು ಎರಡು ಸಲ ಓದಿ, ಕುಡಿದು ಬರೆದಿರಬಹುದೇ ಎಂದು ಅಕ್ಷರ ನೋಡಿದೆ. ಅಕ್ಷರ ನೆಟ್ಟಗೇ ಇತ್ತು. ಹುಡುಗನಿಗೆ ಕರಾರುಪತ್ರ ಕಳಿಸಿದೆ, ಸಹಿ ಹಾಕಿ ಅದೇ ಅಂಚೆಗೆ ವಾಪಸು ಕಳಿಸಿದ್ದಾನೆ.

ಇಲ್ಲಿ ಸರೋವರದ ಐಸ್ ಇನ್ನೂ ಒಡೆದಿಲ್ಲ. ನಾನು ಮಾತ್ರ ಒಡೆಯುವ ಕೆಲಸ ಶುರು ಮಾಡಿದ್ದೇನೆ. ಕಚೇರಿಯ ಗೋಡೆಗೆ ಇಪ್ಪತ್ತು ಚೀಟಿ ಅಂಟಿಸಿ, ಒಂದೊಂದರ ಮೇಲೆ ಒಬ್ಬೊಬ್ಬನ ಹೆಸರು ಬರೆದಿದ್ದೆ. ಹದಿಮೂರನ್ನು ಕಿತ್ತು ಹಾಕಿದ್ದೇನೆ. ಹನ್ನೊಂದು ವರ್ಷ ಕ್ಯಾಪ್ಟನ್ ಆಗಿದ್ದವನಿಗೆ ಕಾರು ನಿಲ್ಲಿಸುವ ಜಾಗದಲ್ಲೇ ವಿಷಯ ಹೇಳಿದೆ. ಅವನು ಕೈಕುಲುಕಿ "ಥ್ಯಾಂಕ್ಸ್ ಹಾರ್ವಿ" ಎಂದ. ಯಾಕೆ ಥ್ಯಾಂಕ್ಸ್ ಅಂದನೋ! ನಾನು ಕಾಫಿ ಕುಡಿಯಲು ಹೋದೆ. ಈ ಕೆಲಸದಲ್ಲಿ ತಿರುಗಿ ನೋಡುತ್ತ ನಿಲ್ಲಬಾರದು.

ನಿನಗೆ ನಗು ಬರಿಸುವ ಸುದ್ದಿ ಒಂದಿದೆ. ನಮ್ಮ ಗೋಲ್‌ಕೀಪರನನ್ನು ದಕ್ಷಿಣದ ತಂಡವೊಂದಕ್ಕೆ ಕೊಟ್ಟು, ಬದಲಿಗೆ ಇಬ್ಬರನ್ನು ತೆಗೆದುಕೊಂಡೆ. ಅವನ ಮೊಣಕಾಲು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ, ನಿನಗೇ ಗೊತ್ತು. ಅವರು ಮೊಣಕಾಲಿನ ಬಗ್ಗೆ ಕೇಳಲಿಲ್ಲ, ನಾನು ಹೇಳಲಿಲ್ಲ. ಅದಲುಬದಲು ಮಾಡುವಾಗ ಕೇಳದೆ ಇದ್ದದ್ದನ್ನು ಹೇಳಬೇಕಾಗಿಲ್ಲ. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ತಾನೆ?

ನಿನ್ನ ಡನಿಲಕ್‌ನ ಚೀಟಿಯನ್ನು ಗೋಡೆಯ ನಡುವೆ ಅಂಟಿಸಿದ್ದೇನೆ. ಉಳಿದವರನ್ನೆಲ್ಲ ಅವನ ಸುತ್ತ ಜೋಡಿಸುತ್ತೇನೆ.

ಹಾರ್ವಿ


ಹ್ಯಾರೋ ಬೇ
25 ಸೆಪ್ಟೆಂಬರ್ 1972

ಎಮಿಲ್,

ತರಬೇತಿ ಶಿಬಿರ ಮುಗಿಯಿತು, ತಂಡದ ಪಟ್ಟಿ ಸಿದ್ಧವಾಯಿತು. ಇಪ್ಪತ್ತರಲ್ಲಿ ಹದಿನಾಲ್ಕು ಹೊಸ ಮುಖ. ಬೇಸಿಗೆಯಿಡೀ ನೀನು ಕಳಿಸಿದವರಲ್ಲಿ ನಾಲ್ಕು ಜನ ನಿಂತಿದ್ದಾರೆ. ನಮ್ಮ ಮುದಿ ಡಾಕ್ಟರು ಎಲ್ಲರ ತಪಾಸಣೆಯನ್ನು ಒಂದು ಬೆಳಿಗ್ಗೆ ಮುಗಿಸಿ ಮೀನು ಹಿಡಿಯಲು ಹೋದರು. ಕೆಮ್ಮು ಅಂದರು, ಬಗ್ಗು ಅಂದರು, ಗೋಡೆಯ ಮೇಲಿನ ಅಕ್ಷರ ಓದು ಅಂದರು. ಅದು ನಾವು ಆಡುತ್ತಿದ್ದಾಗಿನದೇ ಹಾಳೆ. ಯಾರಿಗೂ ಏನೂ ತೊಂದರೆಯಿಲ್ಲ.

ಡನಿಲಕ್ ಬಗ್ಗೆ ನೀನು ಕಡಿಮೆಯೇ ಹೇಳಿದ್ದೆ. ಅವನು ಕೊಡುವ ಆ ಪಾಸ್ ನೋಡಿ ನಮ್ಮ ಕೋಚ್ ಶಿಳ್ಳೆ ಹಾಕಿದ. ವಿನಯವೂ ಇದೆ ಹುಡುಗನಿಗೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಎಡಗಡೆಯ ಗೋಡೆಗೆ ಒತ್ತಿಕೊಂಡ ಮೂಲೆಯ ಜಾಗ ಕೇಳಿದ. ಅದು ಗಬ್ಬುನಾತದ ಜಾಗ, ಯಾರಿಗೂ ಬೇಡ. ಒಳ್ಳೆಯ ಜಾಗ ಹಿರಿಯರಿಗಿರಲಿ ಎಂದು ಬಿಟ್ಟುಕೊಟ್ಟಿದ್ದಾನೆ.

ಒಂದೇ ಒಂದು ಹಟ ಮಾಡಿದ. ಕ್ಲೈವ್ ಪೆಟ್ರಿಯ ಚೀಟಿಯನ್ನು ನಾನು ಕಿತ್ತು ಹಾಕುವವನಿದ್ದೆ, ಆ ಬಾಯಿಬಡುಕನನ್ನು. ಡನಿಲಕ್ ಬಾಗಿಲಲ್ಲಿ ನಿಂತು, "ಸರ್, ನನ್ನ ಎಡಗಡೆಗೆ ಪೆಟ್ರಿನೇ ಇರ್ಲಿ. ಬೇರೆ ಯಾರೂ ಬೇಡ" ಎಂದ. ಪೆಟ್ರಿ ಪಂದ್ಯವಿಡೀ ಕೂಗುತ್ತಿರುತ್ತಾನೆ, ಕೋಲಿನಲ್ಲಿ ಐಸ್ ಬಡಿಯುತ್ತಿರುತ್ತಾನೆ. ಎಂಥ ಕರ್ಕಶ! ಆದರೂ ಇಬ್ಬರೂ ಕೂಡಿದರೆ ಗೋಲು ಬೀಳುತ್ತದೆ, ನನಗಷ್ಟೇ ಬೇಕು.

ಧಣಿ ಮೊನ್ನೆ ನನ್ನ ಬೆನ್ನು ತಟ್ಟಿದ. ಹಿಂದಿನ ಮ್ಯಾನೇಜರನನ್ನು ತೆಗೆಯುವ ಮುಂಚೆಯೂ ತಟ್ಟಿದ್ದನಂತೆ.

ಹಾರ್ವಿ


ಪ್ರಿನ್ಸ್ ಆಲ್ಬರ್ಟ್
16 ಅಕ್ಟೋಬರ್ 1972

ಹಾರ್ವಿ,

ನಾಲ್ಕರಲ್ಲಿ ಮೂರು ಗೆದ್ದಿರಂತೆ, ಸಂತೋಷ. ಇಲ್ಲಿ ಹೇಳಿಕೊಳ್ಳುವಂಥ ಆಟಗಾರ ಯಾರೂ ಇಲ್ಲ, ಹಿಮ ಬೇಗ ಬಿದ್ದಿದೆ.

ಒಂದು ಸಣ್ಣ ವಿಷಯ. ಡನಿಲಕ್ ಊಟಕ್ಕೆ ಕೂರುವಾಗ ಮೇಜಿನ ಯಾವ ಕಡೆ ಕೂರುತ್ತಾನೆ, ನೋಡಿದ್ದೀಯಾ? ಬಸ್ಸಿನಲ್ಲಿ ಯಾವ ಕಡೆಯ ಕಿಟಕಿ? ಯಾಕೆ ಕೇಳಿದೆ ಎಂದು ಕೇಳಬೇಡ. ನನಗೂ ಇನ್ನೂ ಸರಿಯಾಗಿ ಗೊತ್ತಿಲ್ಲ. ನೋಡಿ ಬರೆ.

ಎಮಿಲ್


ಕೆನೋರಾ
20 ನವೆಂಬರ್ 1972

ಹಾರ್ವಿ,

ನನ್ನ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ಆದ್ದರಿಂದ ನಾನೇ ಹ್ಯಾರೋ ಬೇ ಊರಿಗೆ ಬಂದಿದ್ದೆ. ನೀನು ಲೀಗಿನ ಸಭೆಗೆ ಹೋಗಿದ್ದೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ನಿನ್ನ ಕಚೇರಿಯ ಫೋನಿಗೆ ಕಿವಿಗಳು ಹೆಚ್ಚು. ಓದುವ ಮುಂಚೆ ಬಾಗಿಲು ಹಾಕಿಕೋ.

ನಿನ್ನೆ ಭಾನುವಾರ ಡನಿಲಕ್ ಮನೆಗೆ ಊಟಕ್ಕೆ ಕರೆದಿದ್ದ. ಬಾಗಿಲಲ್ಲಿ ಬೇಕೆಂದೇ ಅವನ ಎಡಗಡೆ ನಿಂತು ಕೈ ಚಾಚಿದೆ. ಕೈ ಹಾಗೇ ಗಾಳಿಯಲ್ಲಿ ನಿಂತಿತು. ಸ್ಟೆಫಾ ಓಡಿ ಬಂದು ಆ ಕೈಯನ್ನು ತಾನು ಹಿಡಿದು ಒಳಗೆ ಕರೆದಳು. ಊಟಕ್ಕೆ ಕೂತಾಗ ಆಲೂಗಡ್ಡೆ ತುಂಬಿದ ವರೆನಿಕಿ ಕಡುಬಿನ ತಟ್ಟೆ, ಈರುಳ್ಳಿ, ಉಪ್ಪು, ನೀರಿನ ಲೋಟ ಎಲ್ಲ ಅವನ ಬಲಗಡೆಗೇ. ಅವಳು ಏನಾದರೂ ತರುವಾಗ ಅವನ ಬೆನ್ನ ಹಿಂದಿನಿಂದ ಸುತ್ತಿ ಬಲಕ್ಕೇ ಬರುತ್ತಿದ್ದಳು. ನಾನು ಚಮಚ ಕೆಳಗಿಟ್ಟೆ.

"ಯಾವಾಗಿಂದ?" ಎಂದೆ.

"ಏನು ಯಾವಾಗಿಂದ?" ಎಂದ ಅವನು.

ಒಲೆಯ ಹತ್ತಿರದಿಂದ ಸ್ಟೆಫಾ, "ಸಾಕು ಓರೆಸ್ಟ್. ಇವರ ಹತ್ರ ಆದ್ರೂ ಹೇಳ್ಬಿಡು. ನಂಗೊಬ್ಬಳಿಗೇ ಹೊತ್ತುಕೊಂಡು ಸಾಕಾಗಿದೆ" ಎಂದಳು.

ಎರಡು ವರ್ಷದ ಹಿಂದೆ ಅಭ್ಯಾಸದ ಹೊತ್ತಿನಲ್ಲಿ ಪಕ್ ಹಾರಿ ಅವನ ಎಡಗಣ್ಣಿಗೆ ಬಡಿದಿತ್ತಂತೆ. ಹೊರಗಿನಿಂದ ನೋಡಲು ಕಣ್ಣು ಚೆನ್ನಾಗಿಯೇ ಇದೆ, ಆದರೆ ಏನೂ ಕಾಣುವುದಿಲ್ಲ. ಪೂರ್ತಿ ಕತ್ತಲೆ.

"ತಪಾಸಣೆಲಿ ಹೇಗೆ ಪಾಸಾದೆ?" ಎಂದೆ.

"ಒಂದು ಕಣ್ಣು ಮುಚ್ಚು ಅಂದ್ರು. ಎಡಗೈಲಿ ಎಡಗಣ್ಣು ಮುಚ್ಚಿ ಓದಿದೆ. ಈಗ ಇನ್ನೊಂದು ಅಂದ್ರು. ಬಲಗೈ ತಂದು ಅದೇ ಕಣ್ಣು ಮುಚ್ಚಿದೆ. ಡಾಕ್ಟ್ರು ಕಾಗದದಿಂದ ತಲೆ ಎತ್ತಿದ್ರೆ ತಾನೆ?"

ಪೆಟ್ರಿಗೆ ಎಲ್ಲ ಗೊತ್ತು. ಐಸ್ ಮೇಲೆ ಕೋಲು ಒಂದು ಸಲ ಬಡಿದರೆ ಹತ್ತಿರ ಇದ್ದೇನೆ ಎಂದು, ಎರಡು ಸಲ ಬಡಿದರೆ ದೂರ. ಹಳೇ ಊರಿನ ತಂಡದಲ್ಲೂ ಹೀಗೇ ಒಬ್ಬನಿದ್ದನಂತೆ. ನೋಡದೆ ಪಾಸ್ ಕೊಡುತ್ತಾನೆ ಎಂದು ನಾನು ನಿನಗೆ ಕುಣಿದಾಡುತ್ತ ಬರೆದೆನಲ್ಲ, ಅದು ಚಮತ್ಕಾರವಲ್ಲ ಹಾರ್ವಿ, ಅವನಿಗೆ ಆ ಕಡೆ ಕಾಣುವುದಿಲ್ಲ. ಮೂರು ಪಂದ್ಯ ಕೂತು ಗೀಟು ಹಾಕಿದ ನನ್ನ ಅನುಭವಕ್ಕೆ ಬೆಂಕಿ ಹಾಕು. ಬೇರೆ ಯಾರಾದರೂ ಆಗಿದ್ದರೆ, ಈ ಹುಡುಗನಿಗೆ ಏನಾಗಿದೆ ಎಂದು ಕೇಳುತ್ತಿದ್ದರು. ನಾವು ಆಟದವರು, ಚಪ್ಪಾಳೆ ತಟ್ಟಿದೆವು.

ಒಂದು ಕಣ್ಣಿಲ್ಲದವನು ಆಡಬಾರದೆಂಬ ಲೀಗಿನ ನಿಯಮ ನಿನಗೆ ಗೊತ್ತು. ತಿಳಿದ ದಿನವೇ ಅವನ ಆಟ ಮುಗಿಯಿತು, ಯಾವ ಊರಿನಲ್ಲೂ ಜೀವಮಾನದಲ್ಲಿ ಮತ್ತೆ ಆಡುವಂತಿಲ್ಲ. "ವಸಂತದವರೆಗೆ ಯಾರಿಗೂ ಹೇಳ್ಬೇಡಿ ಲಪಾಂತ್ ಅವ್ರೇ. ಈ ಒಂದು ಸೀಸನ್. ಆಮೇಲೆ ನಾನೇ ಬಿಟ್ಬಿಡ್ತೀನಿ" ಎಂದ. ಉಳಿದ ಕಣ್ಣಿಗೆ ಏನಾದರೂ ತಗುಲಿದರೆ ಏನು ಗತಿ ಎಂದು ಕೇಳಿದೆ. ಸ್ಟೆಫಾ ಹೊರಗೆ ಹೋದಳು. ಹೇಳುವುದಿಲ್ಲ ಎಂದು ಅವನ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟೆ.

ರೈಲು ಹತ್ತಿದ ಮೇಲೆ ಎದೆ ತಡೆಯಲಿಲ್ಲ. ನಿನಗೊಬ್ಬನಿಗೆ ಹೇಳುತ್ತಿದ್ದೇನೆ. ಲೀಗಿಗೆ ಗೊತ್ತಾಗುವುದು ಬೇಡ, ಅವನ ಮಾನ ಹೋಗುವುದು ಬೇಡ. ಬೆನ್ನುನೋವೋ ಮತ್ತೊಂದೋ ನೆಪ ಹೇಳಿ ಅವನನ್ನು ಬೆಂಚಿನಲ್ಲಿ ಕೂರಿಸು. ಕೋಚ್ ಪಕ್ಕದಲ್ಲಿ ಏನಾದರೂ ಕೆಲಸ ಕೊಡು. ಆಟದ ತಲೆ ಇರುವವನು, ನಾಳೆ ಅವನೇ ಒಳ್ಳೆಯ ಕೋಚ್ ಆದಾನು. ತಲೆಗೆ ಹೆಲ್ಮೆಟ್ ಕೂಡ ಇಲ್ಲದೆ ಆಡುವ ಜನ ನಾವು. ಪ್ರತಿ ಪಂದ್ಯವೂ ನನಗೆ ಭಯ.

ಎಮಿಲ್


ಬ್ರ್ಯಾಂಡನ್
18 ಡಿಸೆಂಬರ್ 1972

ಹಾರ್ವಿ,

ನಾಲ್ಕು ವಾರ ನಿನ್ನಿಂದ ಒಂದು ಸಾಲಿಲ್ಲ. ಸುಳ್ಳು ಯಾಕೆ ಹೇಳಲಿ, ನಿನ್ನ ಬಗ್ಗೆ ಕೆಟ್ಟದಾಗಿ ಯೋಚಿಸಲು ಶುರು ಮಾಡಿದ್ದೆ. ಗೆಲ್ಲುವ ಆಸೆಗೆ ಬಾಯಿ ಮುಚ್ಚಿಕೊಂಡು ಕೂತಿದ್ದಾನೆ ಎಂದುಕೊಂಡೆ. ಇವತ್ತು ಇಲ್ಲಿನ ಗ್ರಂಥಾಲಯದಲ್ಲಿ ಹಳೆಯ ಪೇಪರುಗಳನ್ನು ತಿರುವಿ ಹಾಕಿದೆ. ಕಳೆದ ಮೂರು ಪಂದ್ಯಗಳಲ್ಲಿ ಡನಿಲಕ್ ಹೆಸರೇ ಇಲ್ಲ. "ಸಣ್ಣ ಬೆನ್ನುನೋವು" ಎಂದು ನೀನು ಹೇಳಿದ್ದೀಯೆಂದು ಅಚ್ಚಾಗಿದೆ.

ಗ್ರಂಥಾಲಯದಲ್ಲೇ ಕಣ್ಣು ತುಂಬಿ ಬಂತು. ಅಲ್ಲಿದ್ದ ಹೆಂಗಸು ನೀರು ತಂದು ಕೊಟ್ಟಳು. ಸದ್ದಿಲ್ಲದೆ ಕೆಲಸ ಮುಗಿಸಿದೆಯಲ್ಲ. ನಿನ್ನ ಮೂರು ಸಲ ಮುರಿದ ಮೂಗಿಗೆ ನನ್ನ ದೊಡ್ಡ ನಮಸ್ಕಾರ. ನೀನು ಉತ್ತರ ಬರೆಯದೆ ಇದ್ದದ್ದು ಯಾಕೆಂದೂ ಈಗ ಅರ್ಥವಾಯಿತು, ಇಂಥ ವಿಷಯ ಕಾಗದದ ಮೇಲೆ ಇರಬಾರದು.

ಕ್ರಿಸ್ಮಸ್‌ಗೆ ಸ್ಟೆಫಾಳಿಗೆ ಒಂದು ಡಬ್ಬ ಮೇಪಲ್ ಸಿಹಿ ಕಳಿಸಿದ್ದೇನೆ. ನಿನಗೆ ರೈ ವಿಸ್ಕಿ. ಒಬ್ಬನೇ ಕುಡಿಯಬೇಡ.

ಎಮಿಲ್


ಹ್ಯಾರೋ ಬೇ
4 ಜನವರಿ 1973

ಎಮಿಲ್,

ವಿಸ್ಕಿ ತಲುಪಿತು. ಪತ್ರಗಳೂ ತಲುಪಿದವು.

ಸುದ್ದಿ ನೇರವಾಗಿ ಹೇಳುತ್ತೇನೆ. ಡನಿಲಕ್‌ನನ್ನು ಕಾರ್ಡಿನಲ್ ಫಾಲ್ಸ್ ತಂಡಕ್ಕೆ ಕೊಟ್ಟೆ. ಬದಲಿಗೆ ಇಬ್ಬರು ಒಳ್ಳೆಯ ಹಿಂಬದಿಯ ಆಟಗಾರರು, ಒಬ್ಬ ಗೋಲ್‌ಕೀಪರ್. ಇಷ್ಟು ದೊಡ್ಡ ಅದಲುಬದಲು ಈ ಲೀಗಿನಲ್ಲಿ ಹತ್ತು ವರ್ಷದಿಂದ ಆಗಿಲ್ಲ. ಮಾತುಕತೆ ನಡೆಯುತ್ತಿದ್ದಾಗ ಅವನು ಪೆಟ್ಟು ಮಾಡಿಕೊಂಡರೆ ಎಲ್ಲ ಕೆಡುತ್ತಿತ್ತು, ಅದಕ್ಕೇ ಮೂರು ಪಂದ್ಯ ಕೂರಿಸಿದ್ದೆ. ಅವರು ಬೆನ್ನಿನ ಬಗ್ಗೆ ಕೇಳಿದರು. ಬೆನ್ನು ಚೆನ್ನಾಗಿದೆ ಎಂದೆ. ನಿಜವೇ ತಾನೆ?

ಅವನನ್ನು ಇಲ್ಲಿ ಸುಮ್ಮನೆ ಕೂರಿಸಿ ಸಾಕಲು ನನಗೆ ಆಗುವುದಿಲ್ಲ. ನೀನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿ ತಂದವನು, ಬೇಜಾರಾಗುತ್ತದೆ, ಗೊತ್ತು. ಅವನಿಗೂ ಆಟ ಉಳಿಯಿತು, ನಮಗೂ ತಂಡ ಉಳಿಯಿತು. ಗೋಡೆಯ ಮೇಲೆ ನಡುವಿನ ಚೀಟಿ ಖಾಲಿಯಿದೆ, ವಸಂತದೊಳಗೆ ಒಬ್ಬ ಬೇಕು.

ಹಾರ್ವಿ


ಬ್ರ್ಯಾಂಡನ್
9 ಜನವರಿ 1973

ಹಾರ್ವಿ,

ಅವನನ್ನು ಉಳಿಸು ಎಂದು ನಾನು ಬರೆದೆ. ನೀನು ಅದನ್ನು ಸರಕಿನ ಸಮಾಚಾರದ ಹಾಗೆ ಓದಿದೆ. ಬೇಗ ಮಾರಿಬಿಡಬೇಕು, ಕೆಡುವ ಮುಂಚೆ, ಎಂದು.

ಅಲ್ಲಿ ಪೆಟ್ರಿ ಇಲ್ಲ. ಅವನ ಎಡಗಡೆ ಯಾರು ಬಡಿಯುತ್ತಾರೆ, ಯಾರು ಕೂಗುತ್ತಾರೆ? ಈ ಪತ್ರ ಸಿಕ್ಕಿದ ತಕ್ಷಣ ಕಾರ್ಡಿನಲ್ ಫಾಲ್ಸ್‌ಗೆ ಫೋನು ಮಾಡಿ ನಿಜ ಹೇಳು. ಅವರು ಒಪ್ಪಂದ ಮುರಿಯಲಿ, ಹುಡುಗನನ್ನು ವಾಪಸು ಕರೆಸಿಕೋ. ನೀನೊಬ್ಬ ಮನುಷ್ಯ ಎಂದುಕೊಂಡು ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ.

ಎಮಿಲ್


ಹ್ಯಾರೋ ಬೇ
15 ಜನವರಿ 1973

ಎಮಿಲ್,

ನಿನ್ನ ಸಿಟ್ಟು ಇಳಿಯಲೆಂದು ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ನಾನು ಫೋನು ಮಾಡಿದರೆ ಏನಾಗುತ್ತದೆ? ಒಪ್ಪಂದ ಮುರಿಯುತ್ತದೆ, ಲೀಗಿಗೆ ತಿಳಿಯುತ್ತದೆ, ಹುಡುಗ ಜೀವಮಾನವಿಡೀ ಹೊರಗೆ. ಯಾರಿಗೂ ಹೇಳುವುದಿಲ್ಲ ಎಂದು ಅವನ ಕೈಯಲ್ಲಿ ಕೈಯಿಟ್ಟವನು ನೀನು, ನಾನಲ್ಲ. ಮಾತು ಮುರಿದವನೂ ನೀನೇ. ಅಷ್ಟು ಹೊಟ್ಟೆ ಉರಿಯುವುದಾದರೆ ಲೀಗಿನ ಕಚೇರಿಗೆ ನೀನೇ ಬರೆಯಬಹುದು, ಅಂಚೆ ನಿನಗೂ ಇದೆ ನನಗೂ ಇದೆ. ಆಮೇಲೆ ಹೋಗಿ ಅವನ ಮುಖ ನೋಡು. ನಿನ್ನ ಆಟ ಮುಗಿಸಿದವನು ನಾನೇ ಕಣಪ್ಪಾ ಎಂದು ಹೇಳು.

ನೀನು ಬರೆಯುವುದಿಲ್ಲ. ನಾನು ನಿನ್ನನ್ನು ಬಲ್ಲೆ. ಗೋಲ್‌ಕೀಪರನ ಮೊಣಕಾಲಿನ ಸುದ್ದಿ ಬರೆದಾಗ ನೀನು ಒಂದು ಮಾತೂ ಅಂದಿರಲಿಲ್ಲ.

ಹೊಸಬರು ಬಂದ ಮೇಲೆ ಐದರಲ್ಲಿ ನಾಲ್ಕು ಗೆದ್ದೆವು.

ಹಾರ್ವಿ


ಕಾರ್ಡಿನಲ್ ಫಾಲ್ಸ್
29 ಜನವರಿ 1973

ಹಾರ್ವಿ,

ನಾನಿಲ್ಲಿಗೆ ಬಂದಿದ್ದೇನೆ. ಶನಿವಾರದ ಪಂದ್ಯಕ್ಕೆ ಮುಂಚೆ ಐಸ್ ಅಂಗಳದ ಬಾಗಿಲ ಬಳಿಯ ಫೋನಿನ ಪಕ್ಕ ನಿಂತಿದ್ದೆ. ಲೀಗಿನ ಅಧ್ಯಕ್ಷರ ಮನೆಯ ನಂಬರು ಜೇಬಿನಲ್ಲಿತ್ತು. ಮೊದಲ ಅವಧಿ ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ಅವನು ಗೋಲು ಹೊಡೆದ. ಎರಡನೆಯ ಅವಧಿ ಮುಗಿಯಲಿ ಎಂದೆ. ಇನ್ನೊಂದು ಹೊಡೆದ. ಜನ ಎದ್ದು ನಿಂತು ಅವನ ಹೆಸರು ಕೂಗಿದರು. ಸ್ಟೆಫಾ ಮೂರು ಸಾಲು ಕೆಳಗೆ ಕೂತಿದ್ದಳು, ಅವಳೊಬ್ಬಳೇ ಏಳಲಿಲ್ಲ. ಫೋನಿನಲ್ಲಿ ಹಾಕಬೇಕಾದ ನಾಣ್ಯ ಅಂಗೈಯಲ್ಲೇ ಉಳಿಯಿತು.

ಎಡಗಡೆಗೆ ಅವನು ಒಂದು ಪಾಸೂ ಕೊಡಲಿಲ್ಲ. ಅಲ್ಲಿ ಫಿನ್ಲೆಂಡಿನವನೊಬ್ಬ ಆಡುತ್ತಾನೆ, ಬಾಯಿಯೇ ಇಲ್ಲ. ಡನಿಲಕ್ ಈಗ ಇಡೀ ತಲೆಯನ್ನು ಎಡಕ್ಕೆ ತಿರುಗಿಸಿ, ಬಲಗಣ್ಣನ್ನು ಆ ಕಡೆಗೆ ತಂದು ನೋಡುತ್ತಾನೆ. ಮೂಲೆಗೆ ಪಕ್ ಹೋದಾಗಲೆಲ್ಲ ಹಾಗೆಯೇ, ಮುಖ ಮುಂದೆ ಮಾಡಿಕೊಂಡು.

ಪಂದ್ಯ ಮುಗಿದ ಮೇಲೆ ಸಿಕ್ಕಿದ. "ಆ ಫಿನ್ಲೆಂಡಿನವನಿಗೆ ಹೇಳಿ ಕೋಲು ಬಡಿಸ್ಕೊಳ್ಳೋ" ಎಂದೆ.

"ಅವನಿಗೆ ಹೇಳಿದ್ರೆ ಊರಿಗೆಲ್ಲ ಹೇಳಿದ ಹಾಗೆ. ಇಲ್ಲ, ಪರವಾಗಿಲ್ಲ, ಅಭ್ಯಾಸ ಆಗ್ತಿದೆ."

ಆಮೇಲೆ ಕೇಳಿದ: "ಹಾರ್ವಿ ಟ್ರಿಂಬಲ್ ಸಾಹೇಬ್ರು ನನ್ನ ಯಾಕೆ ಕಳಿಸಿಬಿಟ್ರು? ಎಷ್ಟು ಯೋಚಿಸಿದ್ರೂ ಗೊತ್ತಾಗ್ತಿಲ್ಲ. ನಾನೇನು ತಪ್ಪು ಮಾಡಿದೆ? ನಿಮಗೇನಾದ್ರೂ ಹೇಳಿದ್ರಾ?"

"ಇಲ್ಲಪ್ಪಾ, ನನಗೇನೂ ಹೇಳಲಿಲ್ಲ" ಎಂದೆ.

ನೀನು ನನ್ನನ್ನು ಬಲ್ಲೆ ಎಂದು ಬರೆದಿದ್ದೆ. ಸರಿಯಾಗಿಯೇ ಬಲ್ಲೆ.

ಎಮಿಲ್


ಹ್ಯಾರೋ ಬೇ
20 ಫೆಬ್ರವರಿ 1973

ಎಮಿಲ್,

ಪೇಪರಿನಲ್ಲಿ ಓದಿರುತ್ತೀಯ. ಶನಿವಾರ, ಎರಡನೆಯ ಅವಧಿ, ಎಡಗಡೆಯ ಮೂಲೆ. ಅವನು ಪಕ್ ನೋಡಲು ತಲೆ ತಿರುಗಿಸಿದ, ಎದುರಾಳಿಯ ಕೋಲು ಮೇಲೆದ್ದಿತು. ಬೇಕೆಂದು ಮಾಡಿದ್ದಲ್ಲ, ಆ ಹುಡುಗ ಐಸ್ ಮೇಲೆ ಕೂತು ಅತ್ತನಂತೆ. ಬಲಗಣ್ಣು ಉಳಿಯುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ತಪಾಸಣೆ ಮಾಡುವಾಗ ಎಡಗಣ್ಣಿನ ವಿಷಯವೂ ಹೊರಗೆ ಬಂತು.

ನನಗೂ ಸಂಕಟವಾಗುತ್ತದೆ ಎಂದರೆ ನೀನು ನಂಬುವುದಿಲ್ಲ. ನಂಬದಿದ್ದರೆ ಬೇಡ.

ಕಾರ್ಡಿನಲ್ ಫಾಲ್ಸ್‌ನ ಮ್ಯಾನೇಜರ್ ನಿನ್ನೆ ಫೋನು ಮಾಡಿ, "ನಿನಗೆ ಗೊತ್ತಿತ್ತಾ?" ಎಂದು ಒಂದೇ ಮಾತು ಕೇಳಿದ. ಇಲ್ಲ ಎಂದೆ. ನಿನ್ನನ್ನೂ ಕೇಳಬಹುದು. ನೀನೂ ಇಲ್ಲ ಎನ್ನು. ನವೆಂಬರಿನ ಪತ್ರವನ್ನು ನಾನು ಒಲೆಗೆ ಹಾಕಿದ್ದೇನೆ, ಉಳಿದವನ್ನೂ ಹಾಕಿದ್ದೇನೆ. ನೀನು ಪತ್ರ ಬರೆಯುವಾಗಲೆಲ್ಲ ಕೆಳಗೆ ಕಾರ್ಬನ್ ಇಟ್ಟು ಪ್ರತಿ ಉಳಿಸಿಕೊಳ್ಳುವವನು, ನನಗೆ ನೆನಪಿದೆ. ಅವನ್ನೂ ನನ್ನ ಪತ್ರಗಳನ್ನೂ ಇವತ್ತೇ ಸುಟ್ಟುಬಿಡು. ಹುಡುಗ ತಾನಾಗಿ ಮುಚ್ಚಿಟ್ಟಿದ್ದ, ಅಷ್ಟೇ. ಅದೂ ನಿಜವೇ ತಾನೆ? ಇದರಲ್ಲಿ ಇಬ್ಬರೂ ಮುಳುಗುವುದರಿಂದ ಅವನಿಗೇನೂ ವಾಪಸು ಬರುವುದಿಲ್ಲ.

ನಾವೀಗ ಮೂರನೆಯ ಸ್ಥಾನದಲ್ಲಿದ್ದೇವೆ. ಧಣಿ ನನಗೆ ಇನ್ನೂ ಎರಡು ವರ್ಷ ಕೊಟ್ಟ. ನಿನಗೂ ಕೊಡಿಸುತ್ತೇನೆ. ಫ್ಲಿನ್ ಫ್ಲಾನ್‌ನಲ್ಲಿ ಹತ್ತೊಂಬತ್ತು ವರ್ಷದವನೊಬ್ಬ ಇದ್ದಾನಂತೆ, ಹೋಗಿ ನೋಡಿ ಬಾ.

ಹಾರ್ವಿ


ಕಾರ್ಡಿನಲ್ ಫಾಲ್ಸ್
3 ಮಾರ್ಚ್ 1973

ಹಾರ್ವಿ,

ಫ್ಲಿನ್ ಫ್ಲಾನ್‌ಗೆ ಹೋಗಿಲ್ಲ, ಹೋಗುವುದೂ ಇಲ್ಲ. ಕೆಲಸ ಬಿಟ್ಟಿದ್ದೇನೆ ಎಂದು ಧಣಿಗೆ ಬೇರೆಯಾಗಿ ಬರೆದಿದ್ದೇನೆ.

ಪತ್ರಗಳನ್ನು ಸುಡಲಿಲ್ಲ. ಗುರುವಾರ ಮಧ್ಯಾಹ್ನ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಓರೆಸ್ಟ್‌ನ ಮನೆಗೆ ಹೋದೆ. ಅವನನ್ನು ಆಸ್ಪತ್ರೆಯಿಂದ ಕಳಿಸಿದ್ದಾರೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದ. ಸ್ಟೆಫಾ ಕಾಫಿ ಲೋಟ ತಂದು ಅವನ ಕೈಗೇ ಕೊಟ್ಟಳು. ನಾನು ಬಂದದ್ದಕ್ಕೆ ಅವನಿಗೆ ಸಂತೋಷವಾಯಿತು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಚೀಲ ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ, ತಾರೀಖಿನ ಸಮೇತ ಎಲ್ಲವನ್ನೂ ಓದಿ ಹೇಳಿದೆ. ನನ್ನವೂ, ನಿನ್ನವೂ. ಎಲ್ಲೂ ಒಂದು ಸಾಲು ಬಿಡಲಿಲ್ಲ. ಬಿಟ್ಟಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ ಎಂಬುದು ಓದುವಾಗಲೇ ಹೊಳೆಯಿತು.

ಸ್ಟೆಫಾ ಅರ್ಧದಲ್ಲೇ ಎದ್ದು ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಹಾಕಿ ನಿಂತಳು. ಅವನು ಮಾತ್ರ ಕೊನೆಯವರೆಗೂ ಮಿಸುಕದೆ ಕೇಳಿದ. ನವೆಂಬರಿನದನ್ನು ಇನ್ನೊಮ್ಮೆ ಓದಿ ಎಂದ. ಓದಿದೆ.

ನಿನ್ನೆ ಇವುಗಳ ಪ್ರತಿಯನ್ನು ಲೀಗಿನ ಕಚೇರಿಗೂ ಇಲ್ಲಿನ ಪತ್ರಿಕೆಗೂ ಕಳಿಸಿದ್ದೇನೆ. ನಿನ್ನ ಮೇಲಿನ ಸೇಡಿಗಲ್ಲ. ಅದರಲ್ಲಿ ನನ್ನ ಹೆಸರೂ ನಿನ್ನ ಹೆಸರಿನಷ್ಟೇ ಸಲ ಇದೆ.

ಓರೆಸ್ಟ್ ಬೈಯಲಿಲ್ಲ. ಇಷ್ಟು ಕೇಳಿದ:

"ನೀವು ಯಾರಿಗೂ ಹೇಳ್ದೇ ಇದ್ದಿದ್ರೆ ನಾನು ಪೆಟ್ರಿ ಪಕ್ಕದಲ್ಲೇ ಆಡ್ತಿದ್ದೆ. ಎಲ್ರಿಗೂ ಹೇಳಿದ್ರೆ ಗಣಿಗೆ ವಾಪಸ್ ಹೋಗ್ತಿದ್ದೆ, ನಿಮಗೆ ಶಾಪ ಹಾಕ್ಕೊಂಡು ಒಂದು ಕಣ್ಣಲ್ಲಿ ಬದುಕ್ತಿದ್ದೆ. ಅವರೊಬ್ಬರಿಗೇ ಯಾಕೆ ಹೇಳಿದ್ರಿ ಲಪಾಂತ್ ಅವ್ರೇ?"

ಎರಡು ದಿನದಿಂದ ಯೋಚಿಸುತ್ತಿದ್ದೇನೆ, ನನಗೆ ಉತ್ತರ ಸಿಕ್ಕಿಲ್ಲ. ನಿನ್ನ ಹತ್ತಿರ ಇದ್ದರೆ ಅವನಿಗೇ ಬರೆ. ಸ್ಟೆಫಾ ಓದಿ ಹೇಳುತ್ತಾಳೆ.

ಎಮಿಲ್